ದಾರ ಹಾಕಿದ ಕೊನೆಯ ಅಧ್ಯಾಯ

“ಕೊಲಿ ಮಾಡಿದಾಂವನ್ನ ಹುಡುಕೋರು ಇಬ್ಬರು ಗಂಡಸರ್ರಿ. ಹುಡುಕ್ತ ಹುಡುಕ್ತ ಅವರಿಗೆ ಒಬ್ಬರ ಮ್ಯಾಲೊಬ್ಬರಿಗೆ ಪ್ರೀತಿ ಆಗ್ತೈತಿ. ನಾ ಓದಿದ್ರಾಗ ಇದಕ್ಕಿಂತ ಚಲೋ ಕಾದಂಬರಿ ಇಲ್ಲ,” ಎಂದು ಹಾಲೇಶ ಅಸೂಟಿ ಊರಿನ ಗ್ರಂಥಾಲಯದಲ್ಲಿ ಓದುಗರ ಬಳಗದ ಮುಂದೆ ಪುಸ್ತಕ ಇಟ್ಟ. ಊರಿಗೆ ಹೇಳಲಾಗದ ತನ್ನ ಮನಸ್ಸನ್ನೇ ಅವನು ಮೇಜಿನ ಮೇಲೆ ಇಟ್ಟಿದ್ದ.

ಗೋಣೆಪ್ಪ ಪುಸ್ತಕವನ್ನು ಎಳೆದುಕೊಂಡ. ಪತ್ತೇದಾರಿ ಕಾದಂಬರಿ ಸಿಕ್ಕರೆ ಕೊನೆಯ ಪುಟವನ್ನೇ ಮೊದಲು ಓದುವ ಆಸಾಮಿ ಅವನು. ಅವನ ಕಾಟಕ್ಕೇ ಬಳಗದವರು ಕೊನೆಯ ಅಧ್ಯಾಯವನ್ನು ದಬ್ಬಣ, ಗೋಣಿದಾರದಿಂದ ಹೊಲಿದು ತರುತ್ತಿದ್ದರು. ದಾರದ ಗಂಟಿನ ಮೇಲೆ ಅವನ ಉಗುರು ನಿಂತಿತು.

“ಕೊಂದಾಂವ ಯಾರರೆ ಇರಲಿ,” ಎಂದ. “ಕಡೀಕ ಇವರಿಬ್ಬರೂ ಕೂಡ್ತಾರೋ ಇಲ್ಲೋ, ಅಷ್ಟ ಹೇಳಪಾ.”

“ಹೇಳಂಗಿಲ್ಲ ಕಾಕಾ, ಓದ್ರಿ!” ಹಾಲೇಶನ ದನಿ ಬೀದಿಗೂ ಕೇಳಿಸಿತು.

ಬಳಗವೆಲ್ಲ ನೋಡುತ್ತಿದ್ದಂತೆ ಗೋಣೆಪ್ಪ ಗೊಣಗುತ್ತ ಮೊದಲ ಪುಟ ತೆರೆದ.