ಸೀಟಿ ನಿಲ್ಲುವ ತನಕ

ಹದ್ದುಗಳು ಆನೆಗಾತ್ರ ಬೆಳೆದು, ಊರಿಗೆ ಊರೇ ಬಿಲ ಸೇರಿ ಮೂರು ತಲೆಮಾರಾಗಿತ್ತು. ಹಗಲು ಶೇಂಗಾ ಹೊಲದಲ್ಲಿ ದುಡಿಯುವವರಿಗೆ ದಿಬ್ಬದ ಮೇಲೊಬ್ಬರು ಕಾವಲು. ಕಾವಲಿನವರು ಹೆದರಿ ಓಡಿಹೋಗದಂತೆ ಅವರು ಹೊರಗಿಂದ ಚಿಲಕ ಹಾಕಿದ ಕಬ್ಬಿಣದ ಪಂಜರದಲ್ಲಿ. ನೆರಳು ಕಂಡರೆ ಸೀಟಿ ಊದಬೇಕು, ಹದ್ದು ಹೋಗುವ ತನಕ ಊದುತ್ತಲೇ ಇರಬೇಕು. ಸೀಟಿ ನಿಂತಿತೋ, ಗಂಡಾಂತರ ಕಳೆಯಿತೆಂದು ಎಲ್ಲರೂ ಹೊರಗೆ ಬರುತ್ತಾರೆ.

ಅವತ್ತು ಫಕೀರವ್ವನ ಪಾಳಿ. ಅವಳ ಆರು ವರ್ಷದ ಮಗಳು ಯಮುನಿ ಮೊದಲ ಸಲ ಹೊಲಕ್ಕಿಳಿದಿದ್ದಳು.

ನೆರಳು ಬಿತ್ತು. ಫಕೀರವ್ವ ಊದಿದಳು. ಕಣ್ಣು ಮಿಟುಕಿಸುವುದರೊಳಗೆ ನಲವತ್ತು ಮಂದಿ ಹೊಲದಲ್ಲೇ ತೋಡಿದ್ದ ಬಿಲಗಳನ್ನು ಹೊಕ್ಕರು. ಯಮುನಿಯ ಪಕ್ಕದ ಬಿಲದಿಂದ ಗದಿಗೆಪ್ಪಜ್ಜ ಕೈ ಚಾಚಿ, "ಇಲ್ಲಿ ಬಾರವ್ವಾ, ಇಲ್ಲಿ!" ಎಂದು ಕೂಗಿದ.

ಆದರೆ ಇಷ್ಟು ದಿನ ಮನೆಯ ಬಿಲದೊಳಗೆ ಸೀಟಿ ಕೇಳಿದಾಗಲೆಲ್ಲ ಯಮುನಿ ಅವ್ವನ ಮಡಿಲಿಗೆ ಓಡಿದವಳು. ಈಗಲೂ "ಯವ್ವಾ!" ಎನ್ನುತ್ತ ದಿಬ್ಬದ ಕಡೆಗೇ ಓಡತೊಡಗಿದಳು.

ಹಿಂದಕ್ಕೆ ಹೋಗೆಂದು ಕೂಗಲು ಸೀಟಿ ಬಾಯಿಂದ ತೆಗೆಯಬೇಕು. ತೆಗೆದರೆ ನಲವತ್ತು ತಲೆ ಹೊರಬರುತ್ತವೆ. ಫಕೀರವ್ವ ಊದುತ್ತಲೇ ಸರಳಿನ ಸಂದಿಯಿಂದ ಕೈ ಹೊರಹಾಕಿ, ಹೋಗು ಹೋಗೆಂದು ಬೀಸಿದಳು.

ಅವ್ವ ಕರೆಯುತ್ತಿದ್ದಾಳೆಂದು ಮಗು ಇನ್ನೂ ಜೋರಾಗಿ ಓಡಿತು.