ತಲಕಟ್ಟಿಲ್ಲದ ಅಕ್ಷರ

ಇಸಾಕಸಾಬ ಅಳುತ್ತ ಮರಳಿ ಬರುವುದನ್ನು ಕಣ್ಣಾರೆ ಕಂಡ ಮೇಲೆಯೇ ಊಟ. ಹಾಗೆಂದು ಹಟ ಹಿಡಿದು ಶೇಖವ್ವ ಭಾನುವಾರ ಬೆಳಿಗ್ಗೆಯೇ ಕಟ್ಟೆಯ ಮೇಲೆ ಕುಳಿತಿದ್ದಳು.

ಪಕ್ಕದ ಮನೆಯ ಇಸಾಕಸಾಬ ಬಿಳಿ ಪಾಯಿಜಾಮ ತೊಟ್ಟು ಹೊರಬಂದ. ಗಾದಿ ಹೊಲಿಯುವ ಸೂಜಿ-ದಾರದ ಚೀಲವನ್ನು ಹೆಗಲಿಗೇರಿಸಿದ.

"ಏನವ್ವಾ, ಇವತ್ತ ಕಾಲೇಜಿಲ್ಲೇನು?"

ಶೇಖವ್ವ ಮುಖ ತಿರುಗಿಸಿದಳು. ಗಾದಿಯಂತೆ ಗಾದಿ! ಪ್ರತಿ ಭಾನುವಾರ ರಾಣೆಬೆನ್ನೂರಿನಲ್ಲಿ ಯಾರ ಗಾದಿ ಹೊಲಿಯುತ್ತಾನೆಂದು ಅವಳಿಗೆ ಗೊತ್ತಿತ್ತು. ನಗು, ಸ್ಟೇಶನ್ ಮುಟ್ಟುವತನಕ ನಗು ಎಂದು ಮನಸ್ಸಿನಲ್ಲೇ ಶಪಿಸಿದಳು.

ಹಿಂದೆಯೇ ಅವಳ ಅಪ್ಪ ಮೈಲಾರೆಪ್ಪ ಹೊರಟ. ಬೀಜದ ಅಂಗಡಿಯ ಕೆಲಸಕ್ಕೆಂದು ಅವನೂ ಅದೇ ಗಾಡಿಗೆ ಹೋಗುವವನು. "ಪೇಢೆ ತರ್ತೇನಿ, ಕೂಸ," ಎಂದು ಮಗಳ ತಲೆ ಸವರಿದ. ಅಪ್ಪನೆಂದರೆ ಅವಳಿಗೆ ಜೀವ. ಅವ್ವ ಮೈಲವ್ವ ಬಾಗಿಲಲ್ಲಿ ನಿಂತು ಒಮ್ಮೆ ಸೀನಿದಳು. ನಿನ್ನೆಯೆಲ್ಲ ಖಾರ ಕುಟ್ಟಿದ್ದಳು. ಬ್ಯಾಡಗಿಯಲ್ಲಿ ಸೀನಿದರೆ ಯಾರೂ ತಿರುಗಿ ನೋಡುವುದಿಲ್ಲ.

ಎಲ್ಲಕ್ಕೂ ಕಾರಣ ಒಂದು ಕಾದಂಬರಿ. ಊರ ಗ್ರಂಥಾಲಯದಿಂದ ತಂದದ್ದು. ಗಂಡನಿಗೆ ಇನ್ನೊಂದು ಸಂಸಾರ. ಹೆಂಡತಿ ಮುನ್ನೂರು ಪುಟ ಅತ್ತು, ಕೊನೆಯ ಪುಟದಲ್ಲಿ ಅವನ ಪಾದ ತೊಳೆದು ಕ್ಷಮಿಸುತ್ತಾಳೆ. ಹಾವೇರಿಯ ಕಾಲೇಜಿನಲ್ಲಿ ಓದುವ ಹತ್ತೊಂಬತ್ತರ ಹುಡುಗಿಗೆ ಮೈಯೆಲ್ಲ ಉರಿಯಿತು. "ಇವಳಿಗೆ ಮಾನ ಇಲ್ಲ. ಕ್ಷಮಿಸಬಾರದಿತ್ತು!" ಎಂದು ಅಂಚಿನಲ್ಲಿ ಗೀಚಿ, ಎರಡು ದಿನ ಮನೆಯಲ್ಲಿಟ್ಟು, ತೆರೆದೂ ನೋಡದೆ ಹಿಂದಿರುಗಿಸಿದಳು.

ಸಿಟ್ಟು ಇಳಿಯಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ತಂದಳು. ಅವಳ ಸಾಲಿನ ಕೆಳಗೆ ಸೀಸದಕಡ್ಡಿಯ ಉತ್ತರವಿತ್ತು.

"ಕ್ಷಮಿಸದಿದ್ದರ ಎಲ್ಲಿಗೆ ಹೋಗಬೇಕು? ನನ್ನ ಗಂಡಗೂ ಇನ್ನೊಂದು ಮನಿ ಐತಿ. ಐತ್ವಾರ ಅಲ್ಲೇ ಉಣತಾನ."

ಅಕ್ಷರಗಳಿಗೆ ತಲಕಟ್ಟೇ ಇರಲಿಲ್ಲ. ಒಂದನೆಯ ಇಯತ್ತೆಯಲ್ಲಿ ಶೇಖವ್ವನಿಗೂ ಅದೇ ಚಾಳಿಯಿತ್ತು. ಮಾಸ್ತರರು ಬೆರಳ ಗಂಟಿಗೆ ಹೊಡೆದು ಬಿಡಿಸಿದ್ದರು. ಪುಟದ ಮೂಲೆಗೆ ಕೆಂಪು ಬೆರಳಿನ ಗುರುತು ಬೇರೆ. ಮೆಣಸಿನಕಾಯಿ ತೊಟ್ಟು ಮುರಿಯುವವಳ ಕೈ ಅದು.

ಅಂಥ ಕೈ ಊರಲ್ಲಿ ಸಾವಿರ ಇದ್ದಾವು. ಆದರೆ ಓದಬಲ್ಲವರು ಎಷ್ಟು ಮಂದಿ? ಅವ್ವನಂಥವರು ರೇಶನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವವರು. ಅವ್ವನ ಜೋಡಿ ಕೆಲಸಕ್ಕೆ ಹೋಗುವ ಹಾಜಿರಾಬಿ ಮಾತ್ರ ಪೇಪರು ಓದುತ್ತಿದ್ದಳು. ಉರ್ದು ಶಾಲೆಯವಳು, ಕನ್ನಡ ತಾನಾಗಿ ಕಲಿತವಳು. ತಲಕಟ್ಟು ಅವಳಿಗೆ ಯಾರು ಹೇಳಿಕೊಟ್ಟಿದ್ದರು? ಹಾಜಿರಾಬಿಯ ಗಂಡ ಇಸಾಕಸಾಬ. ಪತ್ತೇದಾರಿ ಅಲ್ಲಿಗೆ ಮುಗಿಯಿತು.

ಹಾಜಿರಾಬಿಯನ್ನು ಕೇಳಿ ಅವಳ ಮಾನ ಕಳೆಯಬಾರದೆಂದು ಶೇಖವ್ವ ಪುಸ್ತಕದಲ್ಲೇ ಮಾತು ಮುಂದುವರಿಸಿದಳು. ಬರೆಯುವುದು, ಎರಡು ದಿನ ಗೋಡೆಯ ಗೂಡಿನಲ್ಲಿಡುವುದು, ಹಿಂದಿರುಗಿಸುವುದು. ವಾರ ಬಿಟ್ಟು ತಂದರೆ ಉತ್ತರ ಸಿದ್ಧ.

"ಅವನಿಗೆ ಬುದ್ಧಿ ಕಲಿಸಿರಿ," ಎಂದು ಬರೆದಳು.

"ಮಗಳದಾಳ. ಗೊತ್ತಾದರ ಎದಿ ಒಡಕೋತಾಳ. ಅದಕ್ಕ ಸುಮ್ಮನದೇನಿ."

"ಮಗಳು ನಿಮ್ಮ ಕಡೆಗೇ ನಿಲ್ಲುತ್ತಾಳೆ."

"ಖರೇನ ನಿಲ್ತಾಳೇನು?"

ಶೇಖವ್ವನ ಕಣ್ಣು ತುಂಬಿತು. ಸೀಸದಕಡ್ಡಿ ಬಿಟ್ಟು ಪೆನ್ನು ತೆಗೆದಳು. "ಅವಳು ನಿಲ್ಲದಿದ್ದರೆ ನಾನು ನಿಮ್ಮ ಮಗಳಾಗಿ ನಿಲ್ಲುತ್ತೇನೆ," ಎಂದು ಬರೆದು ಕೆಳಗೆ ಸಹಿ ಹಾಕಿದಳು. ಮದ್ದನ್ನೂ ಬರೆದಳು: "ಬ್ಯಾಡಗಿ ಕಾಯಿ ಬಣ್ಣಕ್ಕಷ್ಟೇ. ಗುಂಟೂರು ಕಾಯಿಯ ಬೀಜ ಕುಟ್ಟಿ, ಅವನು ಅಲ್ಲಿಗೆ ತೊಟ್ಟು ಹೋಗುವ ಬಟ್ಟೆಯ ಒಳಮಡಿಕೆಗೆ ಉದುರಿಸಿರಿ. ಬೆವರು ಬಂದಾಗ ಅದೇ ಮಾತಾಡುತ್ತದೆ."

ನಿನ್ನೆ ಪುಸ್ತಕ ತಂದಾಗ ಕೆಳಗೆ ಒಂದೇ ಸಾಲಿತ್ತು. "ಈ ಐತ್ವಾರ."

ಮಧ್ಯಾಹ್ನದ ಗಾಡಿ ಕೂಗಿತು. ಸ್ವಲ್ಪ ಹೊತ್ತಿನಲ್ಲೇ ಇಸಾಕಸಾಬ ಓಣಿಯಲ್ಲಿ ಓಡಿಬಂದ. ಬಿಳಿ ಪಾಯಿಜಾಮದಲ್ಲಿ ಒಂದು ಕಲೆಯೂ ಇರಲಿಲ್ಲ. ಆದರೂ ಅವನ ಕಣ್ಣಲ್ಲಿ ನೀರಿತ್ತು. ನಗು ತಡೆಯಲಾಗದೆ ಬಂದ ನೀರು. ಶೇಖವ್ವನ ಮುಖ ಕಂಡು ಅವನ ನಗು ನಿಂತಿತು.

"ಹೆಂಗ ಹೇಳಲವ್ವಾ... ಒಂದು ಮನಿಗೆ ಗಾದಿ ಕೊಡಾಕ ಹೋಗಿದ್ದೆ. ಎದುರು ಮನಿ ಅಂಗಳದಾಗ ನಿಮ್ಮಪ್ಪ ಧೋತರ ಕಿತ್ತೊಗದು ಕುಣಿಯಾಕತ್ತಿದ್ರು. ಒಬ್ಬಾಕಿ 'ನನ್ನ ಗಂಡಗ ಏನಾತ್ರೀ' ಅಂತ ಕೊಡ ಕೊಡ ನೀರು ಸುರೀತಿದ್ಲು. ಓಣಿ ಅನ್ನೋ ಓಣೀನ ಕೂಡಿತ್ತು."

ಶೇಖವ್ವ ಒಳಗೆ ಓಡಿದಳು. ಗೂಡಿನಲ್ಲಿದ್ದ ಪುಸ್ತಕದ ಹಿಂದಿನ ರಟ್ಟು ತೆರೆದಳು. ತಾರೀಖು ಒತ್ತುವ ಚೀಟಿಯಲ್ಲಿ ಈ ವರ್ಷ, ಎಂಬತ್ತೆಂಟರ ಸಂಕ್ರಾಂತಿಯಿಂದೀಚೆಗೆ ಪುಸ್ತಕ ಒಯ್ದವರ ಕಾರ್ಡಿನ ನಂಬರು ಒಂದೇ. ಅವಳದು. ಈ ಮನೆ ಬಿಟ್ಟು ಪುಸ್ತಕ ಬೇರೆಲ್ಲಿಗೂ ಹೋಗಿರಲೇ ಇಲ್ಲ.

ಒಂದನೆಯ ಇಯತ್ತೆಯ, ತಲಕಟ್ಟಿಲ್ಲದ ಅಕ್ಷರಗಳ ತನ್ನ ಪಾಟಿ ನೆನಪಾಯಿತು. ರೊಟ್ಟಿ ಬಡಿಯುತ್ತ ಅವ್ವ ಅದನ್ನೇ ದಿಟ್ಟಿಸುತ್ತಿದ್ದಳು. ಮಾಸ್ತರರು ತಿದ್ದಿದ್ದು ಮಗಳನ್ನು ಮಾತ್ರ.

ಹಿಂದಿನಿಂದ ಒಂದು ಕೆಂಪು ಕೈ ಬಂದು ಪುಟ ಮಗುಚಿತು. ನೀಲಿ ಸಹಿಯ ಮೇಲೆ ಹೆಬ್ಬೆಟ್ಟು ಊರಿತು.

"ನೀನ ಬರಕೊಟ್ಟೀದಿ," ಅಂದಳು ಅವ್ವ. "ನಿಮ್ಮಪ್ಪ ಬರೂ ಹೊತ್ತಾತು. ಬಾ, ನಿಲ್ಲು."