ಅವ್ವನ ತುಟಿಯಲ್ಲಿ ಕೂಪನ್ನು

...ಆಗ ಐದೋ ಆರೋ ಖಾಲಿ ಚಹಾಪುಡಿ ಪಾಕೀಟಿನ ಕೂಪನ್ನು ಕತ್ತರಿಸಿ ಅಂಗಡಿಗೆ ಕೊಟ್ಟರೆ ಒಂದು ಹೊಸ ಪಾಕೀಟು ಪುಕ್ಕಟೆ. ಸರಿಯಾಗಿ ನೆನಪಿದೆ ಎನ್ನಲಾರೆ. ಆದರೆ ಮೊಬೈಲಿನಲ್ಲಿ ಕೂಪನ್ ಎಂದು ಕಂಡಾಗಲೆಲ್ಲ ಈಗಲೂ ಹುಳಿ ಹಾಲಿನ ನಾತ ಮೂಗಿಗೆ ಬಡಿಯುತ್ತದೆ.

"ಓಣ್ಯಾಗ ಖಾಲಿ ಪಾಕೀಟ ಕೇಳ್ಕೊಂಡ ಬಾ," ಎಂದಿದ್ದಳು ಅವ್ವ. ಕೇಳಲು ನಾಚಿ, ಕುಡಚಿ ಸ್ಟೇಷನ್ನಿನ ಚಹಾದಂಗಡಿಯ ಹಿಂದಿನ ತಿಪ್ಪೆಯಿಂದ ಹೆಕ್ಕಿ ತಂದೆ. ಲೋಳೆಗಟ್ಟಿದ ಚಹಾ ಗಸಿ, ಉಗುಳು, ನೊಣ. ತೊಳೆದರೆ ಕಾಗದ ಹರಿಯುತ್ತದೆಂದು ಬರೀ ಒರೆಸಿ ಕೂಪನ್ನು ಕತ್ತರಿಸಿದೆ.

ಅಂಗಡಿಯಲ್ಲಿ ಅವ್ವ ಚೀಲ ಬಿಚ್ಚಲೆಂದು ಆ ಕೂಪನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡಳು. ನಾನು ಮುಖ ತಿರುಗಿಸಿದೆ.

"ಊರ ಚಾ ಎಲ್ಲಾ ನೀವ ಕುಡದೀರೇನ ತಂಗೆವ್ವಾ?" ಎಂದ ಅಂಗಡಿ ಕಾಕಾ.

"ಮನ್ಯಾಗ ಮಂದಿ ಭಾಳರಿ ಕಾಕಾ," ಎಂದು ನಕ್ಕ ಅವ್ವ, ಸೆರಗಿನಿಂದ ತುಟಿ ಒರೆಸಿಕೊಂಡಳು. ಎರಡು ಸಲ.

ಅವು ಎಲ್ಲಿಂದ ಬಂದವೆಂದು ಅವಳಿಗೆ ಗೊತ್ತಾಗಿತ್ತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.